ಹಲ್ಲು ಕಟ್ಟುವ ನಾದಿನಿ

ಬಸ್ ನಿಲ್ದಾಣದ ಮೈಕಿನ ಕೋಣೆಯಲ್ಲಿ ಕೂತು ಬಸ್ಸುಗಳನ್ನು ಕೂಗುವುದು ಭಾವನ ಉದ್ಯೋಗ. ಒಂದು ದಿನ ಬೆಳಗಿನ ನೂಕುನುಗ್ಗಲಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಬಾಯಿ ತೆರೆದವನ ಮೇಲಿನ ನಾಲ್ಕು ಕಟ್ಟುಹಲ್ಲುಗಳು ಕಳಚಿ ಮೈಕಿನ ಮೇಲೆ ಬಿದ್ದವು. ಅಲ್ಲಿಂದ ಪುಟಿದು ನೆಲಕ್ಕುರುಳಿ, ಕುರ್ಚಿಯ ಕಾಲಿಗೆ ಸಿಕ್ಕಿ ಎರಡು ತುಂಡಾದವು. ಬಿದ್ದ ಸದ್ದನ್ನು ಧ್ವನಿವರ್ಧಕಗಳು ಎಲ್ಲ ಪ್ಲಾಟ್‌ಫಾರ್ಮುಗಳಿಗೂ ನಿಷ್ಠೆಯಿಂದ ಮುಟ್ಟಿಸಿದವು. ಅಷ್ಟಕ್ಕೇ ಸುಮ್ಮನಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ನಂಬಿ ಬಾಳುವ ಮನುಷ್ಯ ಅವನು, ಹಲ್ಲಿಲ್ಲದೆಯೇ ಮುಂದುವರಿಸಿದ. ಒಂದೊಂದು 'ಸ'ಕಾರಕ್ಕೂ ಹಲ್ಲಿನ ಸಂದಿಯಿಂದ ಉದ್ದನೆಯ ಸೀಟಿ ಹೊರಟಿತು. ಕಂಡಕ್ಟರನೇ ಸೀಟಿ ಊದಿದನೆಂದು ತಿಳಿದ ಒಬ್ಬ ಡ್ರೈವರು ಗೇರು ಹಾಕಿ ಹೊರಟೇಬಿಟ್ಟ. ಚಹದ ಲೋಟ ಹಿಡಿದ ಕಂಡಕ್ಟರು, ಅವನ ಹಿಂದೆ ಅರ್ಧ ಬಸ್ಸಿನ ಜನ, ಎಲ್ಲರೂ ಓಡುವುದನ್ನು ಭಾವ ಕಿಟಕಿಯಿಂದ ನೋಡಿ ಅದನ್ನೂ ಮೈಕಿನಲ್ಲಿ ವರ್ಣಿಸಿದ ಎನ್ನುವವರಿದ್ದಾರೆ. ಭಾವ ಇದನ್ನು ಒಪ್ಪುವುದಿಲ್ಲ.

ಭಾವ ಎಂಬುದು ಅವನ ಹೆಸರಲ್ಲ. ದಿನಾ ಮಧ್ಯಾಹ್ನ ಅವನ ಹೆಂಡತಿಯ ಕಡೆಯವಳೊಬ್ಬಳು ಊಟದ ಡಬ್ಬಿ ತಂದು ಆ ಕಿಟಕಿ ತಟ್ಟಿ "ಭಾವಾ" ಎಂದು ಕರೆಯುತ್ತಿದ್ದಳು. ಮೈಕು ಆರಿಸಲು ಮರೆತಿದ್ದ ಒಂದು ದಿನ ಆ ಕರೆ ನಿಲ್ದಾಣಕ್ಕೆಲ್ಲ ಕೇಳಿಸಿತು. ಅಂದಿನಿಂದ ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಕಡಲೆಕಾಯಿ ಮಾರುವವಳಿಗೂ ಅವನು ಭಾವನೇ. ಆ ಡಬ್ಬಿಯವಳದೇ ಈ ಕಥೆ. ಅವಳ ಕಸುಬು ಹಲ್ಲು ಕಟ್ಟುವುದು. ನಿಲ್ದಾಣದ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಒಂದು ಒರಗುವ ಕುರ್ಚಿ, ಒಂದು ಸ್ಪಿರಿಟ್ ದೀಪ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು. ಭಾವ ತುಂಡಾದ ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೇರ ಅಲ್ಲಿಗೆ ಹೋದ.

ಒಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆಗ ಊರಿನ ಲೆಕ್ಕದಲ್ಲಿ ಅವಳು ಭಾವನ ಹೆಂಡತಿಯ ತಮ್ಮ. ಅಂಗಿ, ಪ್ಯಾಂಟು, ತುಟಿಯ ಮೇಲೆ ಒಲ್ಲದ ಮನಸ್ಸಿನಿಂದ ಕೂತ ಮೀಸೆ. ಆದರೂ ಅವಳನ್ನು ಮೊದಲಿನಿಂದಲೂ ಅವಳು ಎಂದೇ ಕರೆಯುವುದು ಸರಿ. ಆಗಲೂ ಅವಳು ಅವಳೇ. ಮಿಕ್ಕವರಿಗೆ ತಿಳಿಯುವುದು ತಡವಾಯಿತು, ಅಷ್ಟೆ.

ತಡವಾಗಲು ಕಾರಣವೂ ಇತ್ತು. ಆ ಮನೆಯಲ್ಲಿ ಬಾಯಿಗಳು ಹೆಚ್ಚು, ಕಿವಿಗಳು ಕಡಿಮೆ. ಅವಳ ಅಪ್ಪ, ಎಂದರೆ ಭಾವನ ಮಾವ, ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಅವರು ಪಿಸುಗುಟ್ಟಿದರೆ ಪಕ್ಕದ ಬೀದಿಯವರು ಬಾಗಿಲು ತೆರೆದು "ಏನಂದ್ರಿ?" ಎಂದು ಕೇಳುತ್ತಿದ್ದರು. "ಒಂದು ಸಲ, ಎರಡು ಸಲ, ಮೂರು ಸಲ" ಎಂದಾಗದೆ ಯಾವ ಮಾತೂ ಮಾತಲ್ಲ ಎನ್ನುವುದು ಅವರ ಮಾರುಕಟ್ಟೆಯ ಕಾನೂನು. ಮನೆಗೂ ಅದೇ ಕಾನೂನು. ಭಾವ ಹೆಣ್ಣು ನೋಡಲು ಬಂದಾಗ ಒಪ್ಪಿಗೆಯನ್ನು ಅವನ ಬಾಯಿಂದ ಮೂರು ಸಲ ಹೇಳಿಸಿದ್ದರು. ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ನಡುವೆ ಕೊಂಚ ಯೋಚಿಸಬಹುದಿತ್ತು ಎಂದು ಭಾವ ಈಗಲೂ ಹೆಂಡತಿಯ ಎದುರಿಗೇ ಹೇಳುತ್ತಾನೆ. ಇಂಥ ಮಾವ, ಅವರ ಮೇಲೆ ಇಂಥ ಅಳಿಯ. ಇಬ್ಬರ ನಡುವೆ ಸಿಕ್ಕ ಹುಡುಗಿಗೆ ಮಾತಾಡಲು ತೆರಪೆಲ್ಲಿ?

ಆ ವರ್ಷ ಅವಳು ಮಾತು ಕಡಿಮೆ ಮಾಡಿದ್ದಳು. ಫೋಟೋ ಎಂದರೆ ಎದ್ದು ಹೋಗುತ್ತಿದ್ದಳು. ಊಟದ ಡಬ್ಬಿ ತಂದರೂ ಕಿಟಕಿ ತಟ್ಟಿ ಹಾಗೇ ಇಟ್ಟು ಹೋಗುತ್ತಿದ್ದಳು. ಆಮೇಲೆ ಒಂದೊಂದೇ ಸಾಮಾನು ಕೊಡತೊಡಗಿದಳು: ಸೈಕಲ್ಲನ್ನು ಕೆಳಗಿನ ಅಂಗಡಿಯವನಿಗೆ, ರೇಡಿಯೋವನ್ನು ಭಾವನಿಗೆ, ಸಾಕಿದ ಬೆಕ್ಕನ್ನು ಎದುರುಮನೆಯವರಿಗೆ. "ಸನ್ಯಾಸ ತಗೋತೀಯೋ ಹೆಂಗೆ? ಮನೆ ಕೊಡೋ ದಿನ ಮೊದಲು ನಂಗೆ ಹೇಳು" ಎಂದಿದ್ದ ಭಾವ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗೆಯಾಡುವವರಿಗೆ ಇದೇ ಒಂದು ಶಾಪ: ಎದುರಿಗಿದ್ದವರು ನಕ್ಕರೆಂದರೆ ಎಲ್ಲ ಸರಿಯಾಗಿದೆ ಎಂದು ನಂಬಿಬಿಡುತ್ತಾರೆ.

ಹಲ್ಲು ಕಟ್ಟಲು ಮೊದಲು ಬಾಯಿಯ ಅಚ್ಚು ತೆಗೆಯಬೇಕು. ಕುದುರೆ ಲಾಳದಂಥ ತಟ್ಟೆಗೆ ಗುಲಾಬಿ ಬಣ್ಣದ ಹಿಟ್ಟನ್ನು ಕಲಸಿ ತುಂಬಿ, ಬಾಯೊಳಗೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಮಾತಾಡುವಂತಿಲ್ಲ, ನುಂಗುವಂತಿಲ್ಲ, ನಗುವಂತಂತೂ ಇಲ್ಲವೇ ಇಲ್ಲ. "ಬಾಯಿ ತೆರೀರಿ ಭಾವ" ಎಂದಳು. "ಇನ್ನೂ. ಮೈಕಿಗೆ ತೆರೆಯೋಷ್ಟು ತೆರೀರಿ." ತಟ್ಟೆ ಒಳಗೆ ಹೋಯಿತು. ಹಿಟ್ಟು ಅಂಗುಳಿಗೆ ಅಂಟಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಭಾವ ಎಚ್ಚರವಿದ್ದೂ ಸುಮ್ಮನಾದ.

ಅವಳು ಬೆನ್ನು ತಿರುಗಿಸಿ ಹಿಟ್ಟಿನ ಬಟ್ಟಲನ್ನು ತೊಳೆಯುತ್ತಾ, "ಈಗ ನೀವು ಮಾತಾಡೋ ಹಾಗಿಲ್ಲ. ಅದಕ್ಕೇ ಹೇಳ್ತಿದೀನಿ" ಎಂದಳು.

ಭಾವ ಹುಬ್ಬು ಏರಿಸಿದ. ಅದೊಂದೇ ಅವನ ಕೈಲಾಗುತ್ತಿದ್ದದ್ದು.

"ಒಬ್ಬ ಅಜ್ಜಿ ಬರ್ತಿದ್ರು. ತೀರಿಹೋದ ಗಂಡನ ಹಲ್ಲಿನ ಸೆಟ್ಟು ಸುಮ್ನೆ ಹಾಳಾಗಬಾರದು ಅಂತ ತಾವೇ ಹಾಕ್ಕೊಂಡಿದ್ರು. ಊಟ ಆಗ್ತಿತ್ತು, ಮಾತೂ ಆಗ್ತಿತ್ತು. ನೋಡಿದವರೆಲ್ಲ ಚೆನ್ನಾಗಿದೆ ಅಂತಿದ್ರು. ಬಾಯೊಳಗೆ ನೋಡಿದ್ರೆ ಬರೀ ಹುಣ್ಣು. ನಾನು ಬುದ್ಧಿ ಬಂದಾಗಿಂದ ಹಾಗೇ ಇದೀನಿ ಭಾವ. ನಾನು ಹುಡುಗ ಅಲ್ಲ. ಯಾವತ್ತೂ ಆಗಿರ್ಲಿಲ್ಲ."

ಬಟ್ಟಲು ತೊಳೆದು ಮುಗಿದಿತ್ತು. ಆದರೂ ಅವಳು ಅದನ್ನೇ ಮತ್ತೆ ತೊಳೆದಳು. ಹುಣ್ಣಿಗಿಂತ ಅದನ್ನು ಮುಚ್ಚಿಡುವುದೇ ಹೆಚ್ಚು ಸುಸ್ತು ಎಂದಳು. ಹೇಗೆ ನಡೆಯಬೇಕು, ಹೇಗೆ ಕೆಮ್ಮಬೇಕು ಎಂದು ಬೆಳಿಗ್ಗೆ ಎದ್ದಾಗಿನಿಂದ ತಾಲೀಮು ಮಾಡಬೇಕು. ತನ್ನಂಥವರ ಬಗ್ಗೆ ಊಟದ ಮನೆಯಲ್ಲಿ ಯಾರಾದರೂ ನಗೆಯಾಡಿದರೆ ಎಲ್ಲರಿಗಿಂತ ಮೊದಲು ತಾನೇ ನಗಬೇಕು. ಆ ಯಾರಾದರೂ ಯಾರೆಂದು ಅವಳು ಹೇಳಲಿಲ್ಲ; ಹಿಟ್ಟಿನ ಹಿಂದಿದ್ದ ಭಾವನಿಗೆ ಗೊತ್ತಾಯಿತು. ಅಪ್ಪನಿಗೆ ತಿಳಿದರೆ ಮಾರುಕಟ್ಟೆಯಲ್ಲಿ ತಲೆಯೆತ್ತಿ ಕೂಗಲಾರರು. ತಾನೊಬ್ಬಳು ಇಲ್ಲದಿದ್ದರೆ ಎಲ್ಲರಿಗೂ ಹಗುರ. ಮುಂದಿನ ವರ್ಷ ಹೇಗಿರಬಹುದು ಎಂದು ಯೋಚಿಸಲು ಕೂತರೆ ಏನೂ ಕಾಣುವುದಿಲ್ಲ, ಆರಿದ ಟಿವಿಯ ಹಾಗೆ. ಇದನ್ನೆಲ್ಲ ಅವಳು ಅಳದೆ, ದನಿ ಏರಿಸದೆ, ಗಿರಾಕಿಗೆ ಹಲ್ಲು ತೊಳೆಯುವ ಕ್ರಮ ಹೇಳುವಂತೆ ಹೇಳಿದಳು. ಭಾವನ ಕಣ್ಣಿಂದ ನೀರು ಇಳಿದು ಹಿಟ್ಟಿಗೆ ಸೇರಿತು. ಹಿಟ್ಟಿನಲ್ಲಿ ಪುದೀನ ಹಾಕಿದ್ದರು, ಅದರ ಘಾಟು ಎಂದು ಆಮೇಲೆ ಅವನ ಸಮಜಾಯಿಷಿ.

ಹಿಟ್ಟು ಗಟ್ಟಿಯಾಯಿತು. ಅವಳು ತಟ್ಟೆ ಎಳೆದಳು. ಅದು ಭಾವನ ಮೀಸೆಯ ಒಂದು ತುದಿಯನ್ನೂ ಹಿಡಿದುಕೊಂಡು ಬಂತು. ಅವನು ನೋವಿಗೆ ಕೂಗಲಿಲ್ಲ. ಇನ್ನೇನು ಈ ಮನುಷ್ಯ ಒಂದು ಜೋಕು ಹೊಡೆಯುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ಅವಳು ಕಾಯುತ್ತಿದ್ದಳು. ಅದು ಅವಳ ಮುಖದಲ್ಲಿಯೇ ಕಂಡಿತು. ಕಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ಸಾಯಬೇಕು ಅನ್ನಿಸ್ತಿದೆಯಾ?" ಎಂದು ಕೇಳಿದ. ಹಲ್ಲಿಲ್ಲದ ಬಾಯಲ್ಲಿ ಅದರಲ್ಲೂ ಒಂದು ಸೀಟಿ ಬಂತು.

"ಹೂಂ" ಎಂದಳು ಅವಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, "ಇದನ್ನ ಯಾರೂ ಕೇಳಿರ್ಲಿಲ್ಲ" ಎಂದಳು.

"ನನ್ನ ಹಲ್ಲು ಯಾವತ್ತು ಕೊಡ್ತೀಯ?"

"ಮುಂದಿನ ವಾರ."

"ಅಲ್ಲಿ ತನಕ ನಮ್ಮನೇಲಿರು. ಆಮೇಲೆ ಇನ್ನೊಂದು ಹಲ್ಲು ಕೀಳಿಸ್ಕೋತೀನಿ."

ಸಾವಿನ ಮಾತನ್ನು ಹಾಗೆ ಕೇಳಿದ್ದರಿಂದ ಇಲ್ಲದ ಯೋಚನೆಯನ್ನು ತಾನೇ ಅವಳ ತಲೆಗೆ ಹಾಕಿದೆನೇನೋ ಎಂದು ದಾರಿಯುದ್ದಕ್ಕೂ ಅವನಿಗೆ ಹೆದರಿಕೆ. ಮರುದಿನ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಅವಳ ಜೊತೆ ಹೋದಾಗ ಮೊದಲು ಅದನ್ನೇ ಕೇಳಿದ. ಕೇಳುವುದರಿಂದ ಯಾರೂ ಸಾಯುವುದಿಲ್ಲ, ಕೇಳದೆ ಇರುವುದೇ ಕಷ್ಟ ಎಂದರು ಅವರು. ಅವಳು ಇರುವ ರೀತಿ ಕಾಯಿಲೆಯಲ್ಲ. ಬಚ್ಚಿಟ್ಟುಕೊಂಡು ಬಾಳುವುದು, ಒಂಟಿಯಾಗುವುದು, ಹತ್ತಿರದವರ ತಿರಸ್ಕಾರ, ಇವು ಸೇರಿದಾಗ ಅಪಾಯ. ಮನೆಯಲ್ಲಿ ಒಬ್ಬರಾದರೂ ಅವಳನ್ನು ಅವಳೆಂದೇ ಕರೆದರೆ ಅದೂ ಔಷಧವೇ. "ನೀವು ಮಾತಾಡೋದು ಸ್ವಲ್ಪ ಕಡಿಮೆ ಮಾಡಿದ್ರೂ ಆದೀತು" ಎಂದೂ ಅವರು ಸೇರಿಸಿದರಂತೆ. ಭಾವನನ್ನು ನೋಡಿ ಆಗಿದ್ದು ಹತ್ತು ನಿಮಿಷ.

ಅಕ್ಕನಿಗೆ, ಎಂದರೆ ತನ್ನ ಹೆಂಡತಿಗೆ, ಹೇಳಬೇಕಾದಾಗ ಭಾವ ಹೆದರಿ ಅಡುಗೆಮನೆಯ ಬಾಗಿಲಲ್ಲೇ ನಿಂತ. ಅಕ್ಕ ಒಲೆ ಆರಿಸಿ, ಕೈ ಒರೆಸಿಕೊಂಡು, ಎಲ್ಲ ಕೇಳಿ, ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ, "ಚಿಕ್ಕವಳಿದ್ದಾಗ ತಂಗಿ ಬೇಕು ಅಂತ ರಚ್ಚೆ ಹಿಡಿದು ಅತ್ತಿದ್ದೆ" ಎಂದಳು. "ಇಷ್ಟು ತಡವಾಗಿ ಬರ್ತಾಳೆ ಅಂತ ಗೊತ್ತಿರ್ಲಿಲ್ಲ." ಅಷ್ಟು ಹೇಳಿ ತಂಗಿಯ ತಲೆ ಹಿಡಿದುಕೊಂಡು ಚೆನ್ನಾಗಿ ಅತ್ತು, ಅಳು ಮುಗಿದ ಮೇಲೆ ಆ ಕೂದಲನ್ನು ಯಾವ ಕ್ಷೌರಿಕ ಹೀಗೆ ಕೆಡಿಸಿದ ಎಂದು ಬೈದಳು.

ಭಾವನ ಮನೆಯ ಮಹಡಿಯ ಮೇಲಿನ ಕೋಣೆ ತಂಗಿಯದಾಯಿತು. ಎದುರುಮನೆಯಿಂದ ಬೆಕ್ಕು ವಾಪಸ್ಸು ಬಂತು. ಸೈಕಲ್ಲನ್ನು ಅಂಗಡಿಯವನೇ ಹೊಸ ಟೈರು ಹಾಕಿಸಿ ತಂದು ನಿಲ್ಲಿಸಿದ. ಭಾವ ರೇಡಿಯೋ ಮಾತ್ರ ಕೊಡಲಿಲ್ಲ. ಕೊಟ್ಟದ್ದನ್ನು ಕೇಳಿದರೆ ಪಾಪ ಬರುತ್ತದೆ ಎಂದ. ಮೀಸೆ ಹೋಯಿತು, ಕೂದಲು ಬೆಳೆಯಿತು. ಆರು ತಿಂಗಳೊಳಗೆ ಅಕ್ಕತಂಗಿಯರ ಮೊದಲ ಜಗಳವೂ ಆಯಿತು, ಒಂದು ನೀಲಿ ಸ್ವೆಟರಿನ ಬಗ್ಗೆ. ಕೇಳದೆ ಹಾಕಿಕೊಂಡು ಹೋದಳು ಎಂದು ಅಕ್ಕ, ಅದು ನಿನಗೆ ಬಿಗಿ ಎಂದು ತಂಗಿ. ಮೂರು ದಿನ ಮಾತಿಲ್ಲ. ಭಾವ ಸಂತೋಷ ತಡೆಯಲಾರದೆ ಡಾಕ್ಟರಮ್ಮನಿಗೆ ಫೋನು ಮಾಡಿ ವರದಿ ಒಪ್ಪಿಸಿದ.

ಸಂಬಂಧದ ಹೆಸರುಗಳಲ್ಲಿ ಒಂದಿಷ್ಟು ದುರಸ್ತಿಯಾಯಿತು. ಬಾಮೈದ ಇದ್ದದ್ದು ನಾದಿನಿಯಾದಳು. ಭಾವನ ಮಗಳಿಗೆ ಮಾವ ಹೋಗಿ ಚಿಕ್ಕಮ್ಮ ಬಂದಳು. "ಮಾವ ಆಗಿದ್ದಾಗ ಚಾಕಲೇಟು ತರ್ತಿದ್ರು, ಚಿಕ್ಕಮ್ಮ ಆದ್ಮೇಲೆ ಹಲ್ಲು ಹಾಳಾಗತ್ತೆ ಅಂತಾರೆ" ಎಂಬುದು ಆ ಮಗುವಿನ ಒಂದೇ ತಕರಾರು. ಎಲ್ಲರ ಹೆಸರೂ ಬದಲಾದಾಗ ಭಾವ ಮಾತ್ರ ಭಾವನಾಗಿಯೇ ಉಳಿದ. ಅದು ತನ್ನ ದೂರದೃಷ್ಟಿ ಎಂದು ಅವನು ಹೇಳಿಕೊಳ್ಳುತ್ತಾನೆ.

ಕೆಟ್ಟ ದಿನಗಳು ಬರಲಿಲ್ಲವೆಂದಲ್ಲ. ಒಬ್ಬ ಗಿರಾಕಿ ಕುರ್ಚಿಯಿಂದಲೇ ಎದ್ದು ಹೋದ. ಬೀದಿಯ ಮೂಲೆಯಲ್ಲಿ ನಿಂತವರು ಏನೋ ಅಂದರು. ಅಂಥ ದಿನ ಅವಳು ಬಂದು "ಭಾವ, ಬಾಯಿ ತೆರೀರಿ" ಎನ್ನುತ್ತಾಳೆ. ಮೊದಮೊದಲು ನಿಜವಾಗಿಯೂ ಹಿಟ್ಟು ಕಲಸುತ್ತಿದ್ದಳು. ಹಲಗೆಯ ಮೇಲೆ ಭಾವನ ದವಡೆಯ ಹನ್ನೊಂದು ಅಚ್ಚುಗಳಿವೆ. ಈಗ ಹಿಟ್ಟು ಬೇಡ. ಆ ಮಾತು ಕೇಳಿದರೆ ಸಾಕು, ಅವನು ಬಾಯಿ ಮುಚ್ಚಿ ಕೂತುಕೊಳ್ಳುತ್ತಾನೆ. ಹೇಳಿ ಮುಗಿದ ಮೇಲೆ ಅವಳು "ತೊಳ್ಕೊಳ್ಳಿ" ಎನ್ನುತ್ತಾಳೆ. ಆಗ ಜೋಕು ಹೊಡೆಯಬಹುದು. ಅಕ್ಕನೂ ಈ ಪದ್ಧತಿಯನ್ನು ಕಲಿತುಕೊಂಡಳು. ಭಾವನಿಗೆ ಅದೇ ಚಿಂತೆ.

ಇಷ್ಟೆಲ್ಲ ನೆಟ್ಟಗಾದರೂ ಒಂದು ಬಾಯಿ ಉಳಿದಿತ್ತು. ಸುದ್ದಿ ತಿಳಿದ ದಿನ ಮಾವನವರು ಅಳಿಯನ ಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಮಾರುಕಟ್ಟೆಯ ದನಿಯಲ್ಲಿ ಕೂಗಿದ್ದರು: "ನನಗಿರೋ ಮಗಳು ಒಬ್ಬಳೇ. ಒಂದು ಸಲ. ಎರಡು ಸಲ. ಮೂರು ಸಲ." ಹರಾಜು ಮುಗಿದಿತ್ತು. ಹೋದರು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಅಪ್ಪನ ಮಾತು ಬಂದಾಗಲೆಲ್ಲ ಅವಳ ಮುಖದ ಮೇಲೆ ಆ ಹಳೆಯ ವರ್ಷ ಹಾದುಹೋಗುವುದನ್ನು ಭಾವ ನೋಡುತ್ತಿದ್ದ. ಬೀದಿಯವರ ನೂರು ಮಾತನ್ನು ಅವಳು ಉಗುಳಿ ಬರುತ್ತಿದ್ದಳು. ಈ ಒಂದು ಮಾತು ಗಂಟಲಲ್ಲೇ ಇತ್ತು.

ಮೂರು ವರ್ಷವಾದ ಮೇಲೆ ಮಾವನವರ ಸೆಟ್ಟು ಮುರಿಯಿತು. ಅದು ಅವಳೇ ಕಟ್ಟಿದ್ದು. ಅವರ ಹುಟ್ಟುಹಲ್ಲು ಇದ್ದಂತೆಯೇ ಮುಂದಿನ ಒಂದು ಹಲ್ಲನ್ನು ಕೊಂಚ ವಾರೆಯಾಗಿ ಕೂರಿಸಿದ್ದಳು. ಅವರು ಹಟಕ್ಕೆ ಬೇರೆ ಕಡೆ ಹೋಗಿ, ಸಾಲಾಗಿ ಮುತ್ತು ಪೋಣಿಸಿದಂಥ ಹೊಸ ಸೆಟ್ಟು ಕಟ್ಟಿಸಿದರು. ಎಲ್ಲರೂ ಹೊಗಳಿದರು. ಆದರೆ ಮಾರುಕಟ್ಟೆಯಲ್ಲಿ ಅವರ ಕೂಗು ಏಳಲಿಲ್ಲ. ನಗುವುದನ್ನು ಬಿಟ್ಟರು, ನಾಲ್ಕು ಜನರ ನಡುವೆ ಕೂರುವುದನ್ನು ಬಿಟ್ಟರು. ಕೊನೆಗೊಂದು ಬೆಳಿಗ್ಗೆ, ಭಾವ ಅವಳ ಅಂಗಡಿಯಲ್ಲಿ ಕೂತಿದ್ದಾಗ, ಮೆಟ್ಟಿಲ ಮೇಲೆ ಭಾರವಾದ ಚಪ್ಪಲಿಯ ಸದ್ದು ಕೇಳಿಸಿತು.

ಬಾಗಿಲಲ್ಲಿ ಮಾವನವರು. ಈ ಮನುಷ್ಯ ಇನ್ನೊಂದು ಸಲ ಬಾಯಿ ಬಿಟ್ಟು ಏನಾದರೂ ಅಂದರೆ, ಮೂರು ವರ್ಷ ಕಟ್ಟಿದ್ದೆಲ್ಲ ಉದುರುತ್ತದೆ. ಭಾವ ಅಡ್ಡ ನಿಲ್ಲೋಣವೆಂದು ಎದ್ದ. ಅವಳು ಕಣ್ಣಲ್ಲೇ ಕೂರಿಸಿದಳು.

"ಹಲ್ಲಿಗೆ ಬಂದಿದೀನಿ. ಮಾತಿಗಲ್ಲ" ಎಂದರು ಅವರು ಗೋಡೆಯ ಕಡೆ ನೋಡಿ. ಹೊಸ ಸೆಟ್ಟನ್ನು ಜೇಬಿಂದ ತೆಗೆದು ಮೇಜಿನ ಮೇಲಿಟ್ಟರು. "ಚೆನ್ನಾಗೇನೋ ಇದೆ. ಹಾಕ್ಕೊಂಡು ಕನ್ನಡಿ ನೋಡಿದ್ರೆ ಅಲ್ಲಿ ಇನ್ಯಾರೋ ನಿಂತಿರ್ತಾರೆ."

ಅವಳು ಆ ಸೆಟ್ಟನ್ನು ತಿರುಗಿಸಿ ನೋಡಿ, "ಗೊತ್ತು" ಎಂದಳು. ಹಿಟ್ಟು ಕಲಸಿದಳು. "ಬಾಯಿ ತೆರೀರಿ ಅಪ್ಪ."

ತಟ್ಟೆ ಒಳಗೆ ಹೋಯಿತು. ಈಗ ಹೇಳುತ್ತಾಳೆ, ಮೂರು ವರ್ಷದ್ದನ್ನೆಲ್ಲ ಹೇಳುತ್ತಾಳೆ ಎಂದು ಭಾವ ಕಾದ. ಅವಳು, "ಅಪ್ಪ, ನಾನು ಚೆನ್ನಾಗಿದೀನಿ" ಎಂದಳು. ಅಷ್ಟೆ. ಬಟ್ಟಲು ತೊಳೆಯಲು ತಿರುಗಿದಳು. ಮೌನವನ್ನು ತಡೆದುಕೊಳ್ಳುವ ಅಭ್ಯಾಸ ಭಾವನಿಗೆ ಇನ್ನೂ ಪೂರ್ತಿ ಬಂದಿರಲಿಲ್ಲ.

"ಮಾವ," ಎಂದ, "ಆ ವರ್ಷ ಇವಳು ಸಾಯೋದ್ರಲ್ಲಿದ್ಲು. ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ನಾನು ಜೋಕ್ ಹೇಳ್ತಾ ಕೂತಿದ್ದೆ, ನೀವು ಕೂಗ್ತಾ ಕೂತಿದ್ರಿ." ಜೀವಮಾನದಲ್ಲಿ ಅವನು ನಗಿಸದೆ ಮುಗಿಸಿದ ಮೊದಲ ಮಾತು ಅದು. ಮಾವನವರ ಬಾಯಿಯ ಅಂಚಿನಿಂದ ಗುಲಾಬಿ ಹಿಟ್ಟು ಇಳಿಯುತ್ತಿತ್ತು. ಕಣ್ಣುಗಳು ಮಗಳ ಬೆನ್ನಿನ ಮೇಲೆ ನೆಟ್ಟು ಅಲ್ಲಾಡದೆ ನಿಂತಿದ್ದವು. ತಟ್ಟೆ ತೆಗೆದ ಮೇಲೆ ಅವರು ಬಹಳ ಹೊತ್ತು ಬಾಯಿ ತೊಳೆದುಕೊಂಡು, ಮೆಟ್ಟಿಲಿಳಿದು ಹೋದರು. ಭಾವ ಕೆಟ್ಟೆ ಎಂದುಕೊಂಡ. ಅವಳು ಅಚ್ಚಿನ ಮೇಲೆ ಪ್ಲಾಸ್ಟರು ಸುರಿಯುತ್ತಾ, "ತೊಳ್ಕೊಳ್ಳಿ ಭಾವ" ಎಂದಳು. ಅವನಿಗೆ ಯಾವ ಜೋಕೂ ಹೊಳೆಯಲಿಲ್ಲ.

ಕೊನೆಯ ಸೆಟ್ಟು ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಬಾಯಿಗೆ ಹಾಕಿ ನೋಡುವುದು ವಾಡಿಕೆ. ಮೇಣವಾದ್ದರಿಂದ ಇನ್ನೂ ತಿದ್ದಬಹುದು. ಮನೆಯಲ್ಲಿ ಹೆಚ್ಚಾಗಿ ಆಡುವ ಮಾತನ್ನು ಆಗ ಗಿರಾಕಿ ಗಟ್ಟಿಯಾಗಿ ಹೇಳಬೇಕು, ಇದು ಅವಳ ಅಂಗಡಿಯ ನಿಯಮ. ಹೆಂಗಸರು ಹೆಚ್ಚಾಗಿ "ಸಾಕು, ಸುಮ್ಮನಿರಿ" ಎನ್ನುತ್ತಾರೆ. ಗಂಡಸರು "ಕನ್ನಡಕ ಎಲ್ಲಿ?" ಎನ್ನುತ್ತಾರೆ.

ಮುಂದಿನ ವಾರ ಮಾವನವರು ಬಂದರು. ಈ ಸಲ ಭಾವ ತಾನಾಗಿಯೇ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು ಮೂಲೆಯಲ್ಲಿ ಕೂತ. ಅವಳು ಮೇಣದ ಸೆಟ್ಟು ಹಾಕಿ, ಕನ್ನಡಿ ಕೊಟ್ಟು, ಪಕ್ಕಕ್ಕೆ ಸರಿದು ನಿಂತಳು. ಅವರು ನೋಡಿಕೊಂಡರು. ಮುಂದಿನ ಹಲ್ಲು ಮೊದಲಿನಂತೆಯೇ ಕೊಂಚ ವಾರೆಯಾಗಿತ್ತು. ಅದನ್ನು ಬೆರಳಿಂದ ಮುಟ್ಟಿದರು. ಒಂದು ಸಣ್ಣ ನಗೆ ಬಂತು, ಮುದುಕರದ್ದೇ ನಗೆ, ಬೇರೆ ಯಾರದ್ದೂ ಅಲ್ಲ.

"ದಿನಾ ಹೇಳೋ ಮಾತು ಹೇಳಿ" ಎಂದಳು ಅವಳು.

ಮಾವನವರು ಗಂಟಲು ಸರಿಮಾಡಿಕೊಂಡರು. ಎದೆ ಉಬ್ಬಿಸಿದರು. ತಿಂಗಳುಗಳಿಂದ ಏಳದಿದ್ದ ಆ ದನಿ ಎದ್ದು ಹಲಗೆಯ ಮೇಲಿನ ದವಡೆಗಳನ್ನೆಲ್ಲ ಗಡಗಡ ಅಲ್ಲಾಡಿಸಿತು.

"ನನಗಿರೋದು ಇಬ್ಬರು ಹೆಣ್ಣುಮಕ್ಕಳು."

ಕೆಳಗೆ ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆಯುವ ಪಂಪು ನಿಂತಿತು. ಭಾವ ಕರವಸ್ತ್ರವನ್ನು ಬಾಯಿಂದ ಕಣ್ಣಿಗೆ ಸ್ಥಳಾಂತರಿಸಿದ. ಮಾವನವರು ಕನ್ನಡಿಯಲ್ಲಿ ಕಾಣುತ್ತಿದ್ದ ಮಗಳ ಮುಖವನ್ನೇ ನೋಡುತ್ತಾ, ಯಾರೂ ಅವರಿಂದ ಕೇಳಿರದಷ್ಟು ಮೆಲ್ಲಗೆ ಕೇಳಿದರು:

"ಸರಿ ಬಂತೇನಮ್ಮ?"

ಅವಳು ಚೂರಿಗೆ ಅಂಟಿದ್ದ ಮೇಣವನ್ನು ಒರೆಸುತ್ತಾ ಹೇಳಿದಳು:

"ಒಂದು ಸಲ ಆಯ್ತು. ಇನ್ನೂ ಎರಡು ಸಲ ಇದೆ."